ಮೇಲಿನವು ಒಣಗಿದವು, ಕೆಳಗಿನವು ಕೊಳೆತವು: ಪುಣೆಯ ಒಂದು ಹಿತ್ತಲಗೋಡೆಯ ತೋಟ

ಪುಣೆಯ ಸಹಕಾರನಗರದಲ್ಲಿ ಒಂದಂತಸ್ತಿನ ಹಳೆಯ ಮನೆ, ವಿಜಯಪುರ ಕಡೆಯ ಕುಟುಂಬ. ಮನೆಯ ಹಿಂದೆ ಪೂರ್ವ ದಿಕ್ಕಿಗೆ 20 ಅಡಿ ಹಿತ್ತಲು, ಅದರ ಕೊನೆಗೆ 6 ಅಡಿ ಎತ್ತರದ, 18 ಅಡಿ ಉದ್ದದ ಕಾಂಪೌಂಡ್ ಗೋಡೆ. ಗೋಡೆಯಾಚೆ ಪಕ್ಕದವರ ಅಡುಗೆಮನೆ. ಈ ಗೋಡೆಗೆ ಒಂದು ಫೆಬ್ರುವರಿಯಲ್ಲಿ ವರ್ಟಿಕಲ್ ಗಾರ್ಡನ್ ಹಾಕಿಸಿದರು. ಪ್ಲಾಸ್ಟಿಕ್ ಜಾಳಿಗೆಗೆ ಸಿಕ್ಕಿಸುವ ಒಂದೊಂದು ಲೀಟರಿನ ಕುಂಡಗಳು, ಎಂಟು ಸಾಲು. ಜಾಳಿಗೆಯನ್ನು ಗೋಡೆಗೇ ಪ್ಲಗ್ ಹೊಡೆದು ಸ್ಕ್ರೂ ಮಾಡಿದ್ದರು. ಒಂದೇ ಕಾಕ್‌ನಿಂದ ಎಲ್ಲ ಸಾಲಿಗೂ ಡ್ರಿಪ್, ಅಂದರೆ ಹನಿ ನೀರು. ಗಿಡಗಳು ಮನಿಪ್ಲಾಂಟ್, ಸಿಂಗೋನಿಯಂ, ಸ್ಪೈಡರ್ ಪ್ಲಾಂಟ್, ಜರಿಗಿಡ. ಫೋಟೋದಲ್ಲಿ ಚೆನ್ನಾಗಿ ಕಾಣುವಂಥವು.

ಮೇ ಹೊತ್ತಿಗೆ ಮನೆಯ ಹಿರಿಯರ ದೂರು ಇಷ್ಟಕ್ಕೆ ಬಂದು ನಿಂತಿತ್ತು: "ದಿನಾ ನೀರು ಬಿಡತೀವ್ರಿ. ಆದ್ರೂ ಮ್ಯಾಲಿನವು ಒಣಗತಾವ, ಕೆಳಗಿನವು ಕೊಳೀತಾವ." ಅದರ ಜೊತೆಗೆ ಇನ್ನೆರಡು. ಒಂದು ಕಡೆ ಜಾಳಿಗೆ ಪ್ಲಾಸ್ಟರ್ ಸಮೇತ ಕಿತ್ತು ಮುಂದಕ್ಕೆ ವಾಲಿತ್ತು. ಪಕ್ಕದವರ ಬದಿಯಲ್ಲಿ ಗೋಡೆಯ ಬಣ್ಣ ಗುಳ್ಳೆಯೆದ್ದು ಉದುರುತ್ತಿತ್ತು.

ಇಂಥಲ್ಲಿ ನರ್ಸರಿಯವರು ಗಿಡ ಬದಲಿಸಿ ಅನ್ನುತ್ತಾರೆ. ಗಿಡ ಬದಲಿಸಬೇಕಾದ್ದು ನಿಜ, ಆದರೆ ಅದು ಕೊನೆಯ ಕೆಲಸ. ಆ ಗೋಡೆಯ ಮೇಲೆ ನೀರು ಮತ್ತು ಬಿಸಿಲು ಎರಡೂ ಒಂದೇ ದಿಕ್ಕಿಗೆ ಅನ್ಯಾಯ ಮಾಡುತ್ತಿದ್ದವು.

ಏನಾಗುತ್ತಿತ್ತು

ಮೊದಲು ಬಿಸಿಲು. ಗೋಡೆಯ ಒಳಮೈ ಪಶ್ಚಿಮಕ್ಕೆ ಮುಖ ಮಾಡಿದೆ, ಎದುರಿಗೆ 11 ಅಡಿ ಎತ್ತರದ ಮನೆ. ಮಧ್ಯಾಹ್ನ ಹನ್ನೆರಡೂವರೆಯ ನಂತರ ಇಡೀ ಗೋಡೆಗೆ ಬಿಸಿಲು ಬೀಳುತ್ತದೆ. ಸಂಜೆ ಮನೆಯ ನೆರಳು ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಏಪ್ರಿಲ್ ಮಧ್ಯದಲ್ಲಿ ಗೋಡೆಯ ಬುಡಕ್ಕೆ ನೆರಳು ಸಿಗುವುದು ಪೌಣೇ ಐದರ ಸುಮಾರಿಗೆ, ತುದಿಗೆ ಪೌಣೇ ಆರಕ್ಕೆ. ಅಂದರೆ ಮೇಲಿನ ಸಾಲಿಗೆ ದಿನಾ ಒಂದು ತಾಸು ಹೆಚ್ಚು ಬಿಸಿಲು. ಪುಣೆಯ ಏಪ್ರಿಲ್ ಮಧ್ಯಾಹ್ನದ ಗಾಳಿ ಮುಂಬಯಿಯಂತೆ ತೇವದ್ದಲ್ಲ, ಎಲೆಯಿಂದ ನೀರನ್ನು ಹೀರಿಕೊಂಡು ಹೋಗುವ ಒಣಗಾಳಿ.

ಇನ್ನು ನೀರು. ಟ್ಯಾಂಕಿನ ತಳ ನೆಲದಿಂದ 13 ಅಡಿ ಮೇಲಿದೆ. ಕೆಳಗಿನ ಸಾಲಿಗೆ ಸಿಗುವ ಒತ್ತಡ ಸುಮಾರು 12 ಅಡಿ ನೀರಿನದು, ಮೇಲಿನ ಸಾಲಿಗೆ 8 ಅಡಿಗೂ ಕಡಿಮೆ. ಹನಿ ಬಿಡುವ ಸಾಧಾರಣ ಡ್ರಿಪ್ಪರಿನ ಹರಿವು ಒತ್ತಡದ ವರ್ಗಮೂಲದಂತೆ ಏರಿಳಿಯುತ್ತದೆ, ಆದ್ದರಿಂದ ಕೆಳಗಿನ ಡ್ರಿಪ್ಪರು ಶೇ. 20ಕ್ಕಿಂತ ಹೆಚ್ಚು ನೀರು ಕೊಡುತ್ತದೆ. ಟ್ಯಾಂಕ್ ತುಂಬಿದ್ದಾಗ ವ್ಯತ್ಯಾಸ ಸ್ವಲ್ಪ ಕಡಿಮೆ, ಬರಿದಾಗುತ್ತ ಬಂದಂತೆ ಜಾಸ್ತಿ.

ಯಾರೂ ಗಮನಿಸದ್ದು ಕಾಕ್ ಮುಚ್ಚಿದ ಮೇಲಿನ ಕತೆ. 16 ಮಿ.ಮೀ. ಪೈಪಿನ ಒಂದು ಮೀಟರಿನಲ್ಲಿ ಸುಮಾರು 140 ಮಿ.ಲೀ. ನೀರು ನಿಂತಿರುತ್ತದೆ. ಎಂಟು ಸಾಲು ಸೇರಿ 40 ಮೀಟರ್ ಪೈಪು. ಕಾಕ್ ಮುಚ್ಚಿದ ಕೂಡಲೇ ಮೇಲಿನ ಡ್ರಿಪ್ಪರುಗಳಿಂದ ಗಾಳಿ ಒಳಗೆ ಬರುತ್ತದೆ, ಪೈಪಿನಲ್ಲಿದ್ದ ಐದೂವರೆ ಲೀಟರ್ ನೀರೆಲ್ಲ ಇಳಿದು ಕೆಳಗಿನ ಸಾಲಿನಿಂದಲೇ ಸುರಿದುಹೋಗುತ್ತದೆ. ದಿನಕ್ಕೆ ಎರಡು ಸಲ ಬಿಟ್ಟರೆ ಎರಡು ಸಲ. ಮೇಲಿನ ಕುಂಡಗಳ ತೂತಿನಿಂದ ಜಾರಿದ ನೀರೂ ಅಲ್ಲಿಗೇ ಸೇರುತ್ತದೆ. ಹೀಗಾಗಿ ಹೆಚ್ಚು ಬಿಸಿಲು ತಿನ್ನುವ ಸಾಲಿಗೆ ಕಡಿಮೆ ನೀರು, ಕಡಿಮೆ ಬಿಸಿಲಿನ ಸಾಲಿಗೆ ಮೂರು ದಾರಿಯಿಂದ ನೀರು. ಮೇಲಿನವು ಬಾಡಿದವೆಂದು ಮನೆಯವರು ಇನ್ನೂ ಹತ್ತು ನಿಮಿಷ ಹೆಚ್ಚು ಬಿಡುತ್ತಿದ್ದರು. ಕೆಳಗೆ ಬೇರು ಕೊಳೆಯದೆ ಇನ್ನೇನಾದೀತು?

ಕುಂಡದ ಅಳತೆಯೂ ಸಾಲದು. ಒಂದು ಲೀಟರ್ ಮಣ್ಣು-ಗೊಬ್ಬರದ ಮಿಶ್ರಣದಲ್ಲಿ ಗಿಡಕ್ಕೆ ಎಟುಕುವ ನೀರು ಹೆಚ್ಚೆಂದರೆ 300–400 ಮಿ.ಲೀ. ಪಶ್ಚಿಮದ ಬಿಸಿಲಿಗೆ ನಿಂತ ಮಧ್ಯಮ ಗಾತ್ರದ ಗಿಡ ಏಪ್ರಿಲಿನಲ್ಲಿ ಅಷ್ಟನ್ನು ಒಂದೇ ದಿನದಲ್ಲಿ ಮುಗಿಸುತ್ತದೆ. ಒಂದು ದಿನ ಕರೆಂಟು ಹೋಗಿ ಟ್ಯಾಂಕ್ ತುಂಬದಿದ್ದರೆ ಆ ಸಾಲು ಹೋದಂತೆಯೇ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒಮ್ಮೆ ಪೂರ್ತಿ ಒಣಗಿದರೆ ಮತ್ತೆ ಬೇಗ ನೀರು ಹಿಡಿಯುವುದೂ ಇಲ್ಲ, ಕುಂಡದ ಅಂಚಿಗುಂಟ ನೀರು ಸರ್ರನೆ ಇಳಿದುಬಿಡುತ್ತದೆ. ಕೆಳಗೆ ಹನಿ ಬೀಳುವುದನ್ನು ನೋಡಿ ಕುಂಡ ತೊಯ್ದಿದೆ ಅಂದುಕೊಳ್ಳುವುದು ಇಲ್ಲಿಂದಲೇ.

ಗೋಡೆಯ ವಿಷಯ ಚಿಕ್ಕದು. ಅದು ಅರ್ಧ ಇಟ್ಟಿಗೆ ದಪ್ಪದ, 8 ಅಡಿಗೊಂದು ಕಂಬವಿರುವ ಗೋಡೆ. ಪ್ಲಗ್ಗುಗಳು ಬಹುಪಾಲು ಪ್ಲಾಸ್ಟರನ್ನೇ ಹಿಡಿದಿದ್ದವು. ಜಾಳಿಗೆಗೂ ಗೋಡೆಗೂ ನಡುವೆ ಬೆರಳು ತೂರುವಷ್ಟೂ ಸಂದಿ ಇರಲಿಲ್ಲ. ಇಳಿದ ನೀರು ಒಣಗಲು ಜಾಗವಿಲ್ಲದೆ ಇಟ್ಟಿಗೆಗೆ ಹತ್ತಿ ಆಚೆಮನೆಯವರೆಗೆ ಹೋಯಿತು. ಇಬ್ಬರ ನಡುವಿನ ಗೋಡೆಗೆ ತೂತು ಕೊರೆಯುವ ಮುನ್ನ ಆಚೆಯವರನ್ನು ಒಂದು ಮಾತು ಕೇಳುವುದು ಮರ್ಯಾದೆ. ತೂತೇ ಬೇಡದಂತೆ ಕಟ್ಟುವುದು ಇನ್ನೂ ಒಳ್ಳೆಯದು.

ತನ್ನ ಕಾಲ ಮೇಲೆ ನಿಲ್ಲುವ ಚೌಕಟ್ಟು

ಮಳೆಗಾಲ ಕಳೆದು ಅಕ್ಟೋಬರಿನಲ್ಲಿ ಹಳೆಯದನ್ನೆಲ್ಲ ಕಿತ್ತು ಹೊಸದನ್ನು ಕಟ್ಟಿದ್ದು ಹೀಗೆ. ಒಣ ಹವೆ ಬೇಕಾದದ್ದು ಕಾಂಕ್ರೀಟಿಗಲ್ಲ, ಬಣ್ಣಕ್ಕೆ.

ಎರಡು ಅಡಿ ಉದ್ದ, 8 ಇಂಚು ಅಗಲ, 7 ಇಂಚು ಎತ್ತರದ ಉದ್ದ ಕುಂಡಗಳು, ಒಂದು ಸಾಲಿಗೆ 8, ನಾಲ್ಕು ಸಾಲು, ಒಟ್ಟು 32. ಒಂದೊಂದರಲ್ಲಿ ಸುಮಾರು 12 ಲೀಟರ್ ಮಿಶ್ರಣ ಹಿಡಿಯುತ್ತದೆ. ನೀರು ಕುಡಿದ ಮಿಶ್ರಣ, ಕುಂಡ, ಗಿಡ ಸೇರಿ 15–16 ಕೆ.ಜಿ. ಒಟ್ಟು ಅರ್ಧ ಟನ್ನು, ಮೇಲೆ ಕಬ್ಬಿಣದ್ದು 75 ಕೆ.ಜಿ.ಯಷ್ಟು. ಅಂಗಡಿಯಲ್ಲಿ ಒಣ ಕುಂಡ ಎತ್ತಿ ನೋಡಿ "ಹಗುರ ಅದ" ಎನ್ನುವವರು ಈ ಲೆಕ್ಕ ಹಾಕಿರುವುದಿಲ್ಲ.

ಕಂಬಗಳು 40×40×2 ಮಿ.ಮೀ. ಚೌಕ ಪೈಪು, 8 ಅಡಿ ಉದ್ದದವು ಐದು, 4 ಅಡಿ ಅಂತರದಲ್ಲಿ. ಒಂದೂವರೆ ಅಡಿ ನೆಲದೊಳಗೆ. ಪ್ರತಿ ಸಾಲಿಗೂ ಕಂಬದಿಂದ 8 ಇಂಚಿನ ಕೈ ಮುಂದಕ್ಕೆ ಬರುತ್ತದೆ, ಅದರ ಮೇಲೆ 25×25×3 ಮಿ.ಮೀ. ಎಲ್ ಆಂಗಲ್ ಎರಡು, 16 ಅಡಿ ಉದ್ದಕ್ಕೂ. ಕುಂಡ ಈ ಎರಡು ಆಂಗಲ್‌ಗಳ ಮೇಲೆ ಕೂರುತ್ತದೆ. ಮುಂದಿನ ಆಂಗಲ್‌ನ ಅಂಚು ಮೇಲ್ಮುಖವಾಗಿರಲಿ, ಆಗ ಬೆಕ್ಕು ಹಾರಿದರೂ ಕುಂಡ ಜಾರದು. ಸಾಲುಗಳ ಎತ್ತರ ನೆಲದಿಂದ 8, 24, 40, 56 ಇಂಚು. ಇದಕ್ಕಿಂತ ಮೇಲೆ ಇನ್ನೊಂದು ಸಾಲು ಬೇಡ. ಸ್ಟೂಲ್ ಹಾಕಿ ನೋಡಬೇಕಾದ ಸಾಲನ್ನು ಯಾರೂ ನೋಡುವುದಿಲ್ಲ.

ಕಂಬ ಮತ್ತು ಗೋಡೆಯ ನಡುವೆ 6 ಇಂಚು ಬಿಟ್ಟಿದೆ. ಗೋಡೆಗೆ ಗಾಳಿಯಾಡಲಿಕ್ಕೆ, ಹಿಂದೆ ಕೈ ಹಾಕಿ ಪೈಪು ಸರಿಪಡಿಸಲಿಕ್ಕೆ, ಇಲಿ ಗೂಡು ಕಟ್ಟದಿರಲಿಕ್ಕೆ. ಭಾರವೆಲ್ಲ ಕಂಬದ ಮುಂದೆ ಬರುವುದರಿಂದ ಚೌಕಟ್ಟು ಮನೆಯ ಕಡೆಗೆ ವಾಲಲು ನೋಡುತ್ತದೆ. ಅದಕ್ಕೇ ಗುಂಡಿಯನ್ನು ಚೌಕವಾಗಿ ತೋಡದೆ 12 ಇಂಚು ಅಗಲ, ಮುಂದಕ್ಕೆ 18 ಇಂಚು, ಆಳ 18 ಇಂಚು ತೋಡಿ, ಕಂಬವನ್ನು ಗುಂಡಿಯ ಹಿಂದಿನ ಅಂಚಿನಿಂದ 3 ಇಂಚಿಗೆ ನಿಲ್ಲಿಸಬೇಕು. ಆಗ ಕುಂಡಗಳ ಭಾರದ ನೇರ ಕಾಂಕ್ರೀಟಿನ ಮೇಲೆಯೇ ಬೀಳುತ್ತದೆ. ತೋಡುವಾಗ ಗೋಡೆಯ ಪಾಯದ ಚಾಚು ಸಿಕ್ಕರೆ ಅದನ್ನು ಒಡೆಯಬಾರದು, ಗುಂಡಿಯನ್ನೇ ಮುಂದಕ್ಕೆ ಸರಿಸಬೇಕು. ಐದು ಗುಂಡಿಗೆ 1:2:4 ಕಾಂಕ್ರೀಟು, ಅಂದರೆ ಸಿಮೆಂಟು 2 ಚೀಲ, ಉಸುಕು 5 ಘನ ಅಡಿ, 20 ಮಿ.ಮೀ. ಖಡಿ 10 ಘನ ಅಡಿ. ಏಳು ದಿನ ನೀರುಣಿಸಿದ ಮೇಲೆಯೇ ಕುಂಡ ಏರಿಸುವುದು.

ಕಬ್ಬಿಣ ತಿನ್ನಿಸಿಕೊಳ್ಳುವುದು ಎರಡೇ ಜಾಗದಲ್ಲಿ. ಒಂದು, ಪೈಪಿನ ತೆರೆದ ತಲೆ. ಮಳೆನೀರು ಒಳಗೆ ಇಳಿದು ನಿಲ್ಲುತ್ತದೆ, ಒಳಗಿನ ತುಕ್ಕು ಹೊರಗೆ ಕಾಣುವ ಹೊತ್ತಿಗೆ ಕಂಬ ಮುಗಿದಿರುತ್ತದೆ. ಚಿಕ್ಕ ಪಟ್ಟಿ ಇಟ್ಟು ವೆಲ್ಡಿಂಗ್ ಮಾಡಿ ಮುಚ್ಚಿಸಿ, ವೆಲ್ಡರ್ ತಾನಾಗಿ ಮಾಡುವುದಿಲ್ಲ. ಎರಡು, ಮಣ್ಣಿನ ಮಟ್ಟ. ಕಾಂಕ್ರೀಟನ್ನು ನೆಲದಿಂದ 2 ಇಂಚು ಮೇಲಕ್ಕೆ ತಂದು, ಕಂಬದ ಸುತ್ತ ಇಳಿಜಾರು ಕೊಟ್ಟು ನುಣುಪು ಮಾಡಬೇಕು. ಉಳಿದಂತೆ ರೆಡ್ ಆಕ್ಸೈಡ್ ಎರಡು ಕೋಟು, ಎನಾಮೆಲ್ ಎರಡು ಕೋಟು. ವೆಲ್ಡಿಂಗಿನ ಗಸಿಯನ್ನು ಬಡಿದು ಉಜ್ಜದೆ ಬಳಿದ ಬಣ್ಣ ಒಂದೇ ಮಳೆಗಾಲಕ್ಕೆ ಏಳುತ್ತದೆ.

ಮಿಶ್ರಣ

ಅಳತೆ ಪರಿಮಾಣದಲ್ಲಿ: ಕೋಕೋಪೀಟ್ 4 ಪಾಲು, ಎರೆಗೊಬ್ಬರ 3, ಕೆಂಪು ಮಣ್ಣು 2, ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) 1. ಪರ್ಲೈಟ್ ದುಬಾರಿ ಅನಿಸಿದರೆ ಭತ್ತದ ಹೊಟ್ಟು ನಡೆಯುತ್ತದೆ, ಆದರೆ ವರ್ಷದಲ್ಲಿ ಕೊಳೆತು ಇಳಿಯುತ್ತದೆ. 32 ಕುಂಡಕ್ಕೆ ಒಟ್ಟು 385 ಲೀಟರ್ ಬೇಕು. 5 ಕೆ.ಜಿ.ಯ ಕೋಕೋಪೀಟ್ ಇಟ್ಟಿಗೆ ಮೂರು ತಂದರೆ ಸಾಕು. ಕುಂಡಕ್ಕೆ ಒಂದು ಹಿಡಿ ಬೇವಿನ ಹಿಂಡಿ.

ಕೋಕೋಪೀಟನ್ನು ನೆನೆಸಿ ಹಿಂಡಿ ಎರಡು ಸಲ ನೀರು ಬದಲಿಸಬೇಕು. ತೊಳೆಯದ ಪೀಟಿನಲ್ಲಿ ಉಪ್ಪಿರುತ್ತದೆ, ಎಲೆಯ ಅಂಚು ಸುಟ್ಟಂತಾಗುವುದು ಅದರಿಂದ. ಬಿಸಿಲಿನಿಂದಾಯಿತೆಂದು ಜನ ನೆರಳು ಬಲೆ ಕಟ್ಟುತ್ತಾರೆ. ಹಿತ್ತಲಿನಲ್ಲೇ ಇದ್ದ ಕಪ್ಪು ಎರೆಮಣ್ಣನ್ನು ಹಾಕುವ ಆಸೆ ಮನೆಯವರಿಗಿತ್ತು. ಹೊಲಕ್ಕೆ ಚಿನ್ನದಂಥ ಮಣ್ಣು ಅದು, ಕುಂಡಕ್ಕೆ ಬೇಡ. ಒಣಗಿದಾಗ ಕುಗ್ಗಿ ಕುಂಡದ ಗೋಡೆ ಬಿಟ್ಟು ಬರುತ್ತದೆ, ತೊಯ್ದಾಗ ಗಟ್ಟಿಯಾಗಿ ಗಾಳಿ ಬಿಡುವುದಿಲ್ಲ.

ಕುಂಡದ ತಳಕ್ಕೆ 8 ಮಿ.ಮೀ.ನ ನಾಲ್ಕು ತೂತು, ನಾಲ್ಕೂ ಹಿಂದಿನ ಅಂಚಿಗೇ. ಕಂಪನಿಯವರು ನಡುವೆ ಕೊಟ್ಟಿದ್ದ ತೂತುಗಳನ್ನು ಮುಚ್ಚಿ, ಹಿಂಭಾಗ ಕೂದಲೆಳೆ ತಗ್ಗಿರುವಂತೆ ಕೂರಿಸಿದರೆ ಹೆಚ್ಚಾದ ನೀರು ಕೆಳಗಿನ ಗಿಡಗಳ ಎಲೆಯ ಮೇಲೆ ಬೀಳದೆ ಹಿಂದಿನ ಸಂದಿಯಲ್ಲಿ ಇಳಿಯುತ್ತದೆ. ನೆಲದಲ್ಲಿ, ಆ ಸಂದಿಯ ಕೆಳಗೆ, ಉದ್ದಕ್ಕೆ ಸೀಳಿದ 110 ಮಿ.ಮೀ. ಪಿವಿಸಿ ಪೈಪು, 16 ಅಡಿಗೆ 2 ಇಂಚು ಇಳಿಜಾರು. ಕೊನೆಗೆ ಕರಿಬೇವಿನ ಗಿಡದ ಪಾತಿ. ಇಳಿಜಾರು ತಪ್ಪಿ ನೀರು ನಿಂತರೆ ಒಂದು ವಾರದಲ್ಲಿ ಸೊಳ್ಳೆ ಹಾರುತ್ತದೆ, ಆದ್ದರಿಂದ ಮಟ್ಟಗೋಲು ಇಟ್ಟೇ ಹಾಕಿಸಬೇಕು.

ಎರಡು ದಾರಿಯ ನೀರು

ಇಡೀ ದುರಸ್ತಿಯ ಜೀವ ಇಲ್ಲಿದೆ. ಮೇಲಿನ ಎರಡು ಸಾಲಿಗೆ ಒಂದು ಪೈಪು, ಕೆಳಗಿನ ಎರಡಕ್ಕೆ ಇನ್ನೊಂದು. ಟೈಮರಿಗೆ ಎರಡು ಬಾಯಿ, ಒಂದೊಂದಕ್ಕೆ ಒಂದೊಂದು ಪೈಪು. ಹೀಗಾದಾಗ ಮೇಲಿನ ಪೈಪಿನ ನೀರು ಕೆಳಗಿನ ಸಾಲಿಗೆ ಇಳಿಯಲಾರದು. ಸಮಯವನ್ನೂ ಬೇರೆ ಬೇರೆ ಇಡಬಹುದು.

ಟೈಮರ್ ಕೊಳ್ಳುವಾಗ ಒಂದು ಎಚ್ಚರ. ಸೊಲೆನಾಯ್ಡ್ ವಾಲ್ವಿನವು (ವಿದ್ಯುತ್ ಅಯಸ್ಕಾಂತದಿಂದ ತೆರೆಯುವವು) ಬಹುತೇಕ ನಲ್ಲಿಯ ಒತ್ತಡ ಬೇಡುತ್ತವೆ. 13 ಅಡಿಯ ಟ್ಯಾಂಕಿನ ನೀರಿಗೆ ಸರಿಯಾಗಿ ತೆರೆಯುವುದೂ ಇಲ್ಲ, ಮುಚ್ಚುವುದೂ ಇಲ್ಲ. ತೂತಿನ ಗುಂಡು ತಿರುಗಿ ತೆರೆಯುವ ಬಾಲ್ ವಾಲ್ವಿನದನ್ನು ಕೇಳಿ ತರಬೇಕು. ಡ್ರಿಪ್ಪರಿಗೂ ಇದೇ ಮಾತು. ಒತ್ತಡ ಸರಿದೂಗಿಸುವ ಡ್ರಿಪ್ಪರು ಈ ಗೋಡೆಗೆ ಹೇಳಿ ಮಾಡಿಸಿದಂತೆ ಕಾಣುತ್ತದೆ, ಆದರೆ ಅದರ ಒಳಗಿನ ರಬ್ಬರು ಕೆಲಸ ಮಾಡಲು ಬೇಕಾದ ಒತ್ತಡವೇ ಟ್ಯಾಂಕಿನಲ್ಲಿಲ್ಲ. ಪಂಪ್ ಇದ್ದವರಿಗೆ ಅದು, ಟ್ಯಾಂಕಿನವರಿಗೆ ಬಿಚ್ಚಿ ತೊಳೆಯಲು ಬರುವ, ತಿರುಗಿಸಿ ಹೊಂದಿಸುವ ಸಾಧಾರಣ ಡ್ರಿಪ್ಪರು. ಟೈಮರಿಗಿಂತ ಮೊದಲು 120 ಮೆಶ್ (ಇಂಚಿಗೆ 120 ಕಣ್ಣಿನ ಜರಡಿಯ) ಫಿಲ್ಟರು.

ಒಂದು ಕುಂಡಕ್ಕೆ ಎರಡು ಡ್ರಿಪ್ಪರು, ಅಂಚಿನಿಂದ 6 ಇಂಚು ಒಳಗೆ. ಹೊಂದಿಸಿದ ಮೇಲೆ ಪ್ರತಿ ಸಾಲಿನಲ್ಲಿ ಮೊದಲ, ನಡುವಿನ, ಕೊನೆಯ ಡ್ರಿಪ್ಪರಿನ ಕೆಳಗೆ ಲೋಟ ಹಿಡಿದು ಹತ್ತು ನಿಮಿಷ ಅಳೆಯಬೇಕು. ಇಲ್ಲಿ ಮೇಲಿನ ಭಾಗದಲ್ಲಿ 250 ಮಿ.ಲೀ. ಸುಮಾರಿಗೆ, ಕೆಳಗೆ 300ಕ್ಕೆ ಬಂದು ನಿಂತಿತು. ಅದನ್ನು ಸಮ ಮಾಡಲು ಹೆಣಗುವುದಕ್ಕಿಂತ ಸಮಯದಲ್ಲಿ ಸರಿಪಡಿಸುವುದು ಸುಲಭ. ಏಪ್ರಿಲಿನಲ್ಲಿ ಮೇಲಿನ ಒಂದು ಕುಂಡಕ್ಕೆ ದಿನಕ್ಕೆ 1.8 ಲೀಟರ್ ಬೇಕೆಂಬ ಲೆಕ್ಕದಲ್ಲಿ ಬೆಳಿಗ್ಗೆ ಆರಕ್ಕೆ 18 ನಿಮಿಷ, ಸಂಜೆ ಆರೂವರೆಗೆ 18 ನಿಮಿಷ. ಕೆಳಗಿನದಕ್ಕೆ 1.2 ಲೀಟರ್, ಎರಡು ಹೊತ್ತೂ 10 ನಿಮಿಷ. ಇಡೀ ಗೋಡೆಗೆ ದಿನಕ್ಕೆ 48 ಲೀಟರ್. ನವೆಂಬರಿನಿಂದ ಜನವರಿಯವರೆಗೆ ಬೆಳಿಗ್ಗೆ ಒಂದೇ ಹೊತ್ತು ಸಾಕು, ಪ್ರಮಾಣ ಅರ್ಧ.

ಈ ಮನೆಗೆ ಬೋರಿನ ನೀರೂ ಬೆರೆಯುತ್ತದೆ. ಗಡಸು ನೀರಿನ ಸುಣ್ಣ ಡ್ರಿಪ್ಪರಿನ ಬಾಯಿಗೆ ಕಟ್ಟುತ್ತದೆ. ಹದಿನೈದು ದಿನಕ್ಕೊಮ್ಮೆ ಪೈಪಿನ ಕೊನೆಯ ಮುಚ್ಚಳ ತೆಗೆದು ನೀರು ಹಾಯಿಸಬೇಕು. ಕಟ್ಟಿಕೊಂಡ ಡ್ರಿಪ್ಪರುಗಳನ್ನು ಬಿಚ್ಚಿ ನಿಂಬೆ ಉಪ್ಪು ಕದಡಿದ ನೀರಿನಲ್ಲಿ ರಾತ್ರಿಯಿಡೀ ನೆನೆಸಿದರೆ ತೆರೆದುಕೊಳ್ಳುತ್ತವೆ. ಸೂಜಿ ಹಾಕಿ ಚುಚ್ಚಬೇಡಿ, ತೂತು ಅಗಲವಾಗಿ ಆ ಕುಂಡವೊಂದೇ ಕೆರೆಯಾಗುತ್ತದೆ.

ಯಾವ ಸಾಲಿಗೆ ಯಾವ ಗಿಡ

ತುದಿಯ ಸಾಲಿಗೆ ಬಿಸಿಲು ಬೇಡುವವೇ ಬೇಕು: ಹತ್ತು ಗಂಟೆ ಹೂ, ನೇರಳೆ ಎಲೆಯ ಸೆಟ್‌ಕ್ರೇಸಿಯ, ರೋಹಿಯೋ, ಲೋಳೆಸರ, ಜೋತುಬೀಳುವ ಶತಾವರಿ ಜಾತಿಯ ಸ್ಪ್ರೆಂಗೇರಿ. ಎರಡನೆಯದು ಅಡುಗೆಮನೆಯ ಸಾಲು. ದೊಡ್ಡಪತ್ರೆ ವರ್ಷವಿಡೀ ಇರುತ್ತದೆ. ಉಳಿದ ಕುಂಡಗಳಲ್ಲಿ ನವೆಂಬರಿನಿಂದ ಫೆಬ್ರುವರಿಯವರೆಗೆ ಮೆಂತ್ಯ, ಪಾಲಕ್, ಕೊತ್ತಂಬರಿ. ಮಾರ್ಚಿನಲ್ಲಿ ಕೊತ್ತಂಬರಿ ಎಲೆ ಬಿಡದೆ ನೇರ ಹೂವಿಗೆ ಹೋಗುತ್ತದೆ, ಆಗ ಕಿತ್ತು ರಾಜಗಿರಿ ಬಿತ್ತುವುದು. ಪುಂಡಿಪಲ್ಲೆ ಬೇಕೇಬೇಕೆಂದು ಮನೆಯ ಹಿರಿಯರ ಹಟ. ಪುಂಡಿ ಆಳಕ್ಕೆ ಬೇರು ಬಿಟ್ಟು ಆಳೆತ್ತರ ಬೆಳೆಯುವ ಗಿಡ, 7 ಇಂಚಿನ ಕುಂಡದ್ದಲ್ಲ. ಅದಕ್ಕೆ ನೆಲದ ಮೇಲೆ ಮೂಲೆಯಲ್ಲಿ ಜಾಗ ಸಿಕ್ಕಿತು.

ಮೂರನೆಯ ಸಾಲಿಗೆ ಸ್ಪೈಡರ್ ಪ್ಲಾಂಟ್, ಬಣ್ಣದೆಲೆಯ ಕೋಲಿಯಸ್. ಕೆಳಗೆ ಸಿಂಗೋನಿಯಂ, ಮನಿಪ್ಲಾಂಟ್, ಪುದೀನಾ. ಪುದೀನಾಕ್ಕೆ ಕುಂಡ ಬೇರೆಯೇ ಇರಲಿ, ಜೊತೆಗಿದ್ದುದನ್ನು ನುಂಗುತ್ತದೆ. ಜರಿಗಿಡ ಈ ಗೋಡೆಗೆ ಬೇಡವೇ ಬೇಡ. ಎರಡಡಿಯ ಕುಂಡಕ್ಕೆ ಮೂರು ಗಿಡ. ಮೊದಲ ತಿಂಗಳು ಖಾಲಿ ಕಾಣುತ್ತದೆಂದು ಐದು ತುರುಕಿದರೆ ಬೇಸಿಗೆಯಲ್ಲಿ ಐದೂ ನೀರಿಗೆ ಬಡಿದಾಡುತ್ತವೆ. ಗಿಡಗಳನ್ನು ಸೋಲಾಪುರ ರಸ್ತೆಯ ಉರುಳಿ ಕಾಂಚನ ಕಡೆಯ ನರ್ಸರಿಗಳಿಂದ ತಂದರೆ ಅಗ್ಗ. ಜನವರಿಯ ಎಂಪ್ರೆಸ್ ಗಾರ್ಡನ್ ಪುಷ್ಪ ಪ್ರದರ್ಶನ ನೋಡಲು ಚೆಂದ, ಕೊಳ್ಳಲು ಎಚ್ಚರ: ಅಲ್ಲಿ ಕಣ್ಣಿಗೆ ಬೀಳುವ ಪೆಟೂನಿಯಾದಂಥವು ಚಳಿಯ ಹೂಗಳು, ಬೇಸಿಗೆ ದಾಟುವುದಿಲ್ಲ.

ಗಿಡ ತಂದ ಕೂಡಲೇ ಬಿಸಿಲಿಗೇರಿಸಬಾರದು. ನರ್ಸರಿಯಲ್ಲಿ ಹಸಿರು ಬಲೆಯ ಕೆಳಗೆ ಬೆಳೆದವು, ವಾರವಾದರೂ ಹಿತ್ತಲ ನೆರಳಿನಲ್ಲಿಟ್ಟು ಒಗ್ಗಿಸಬೇಕು.

ಗೋಡೆ ಬೇರೆ ದಿಕ್ಕಿಗಿದ್ದವರು ಈ ಪಟ್ಟಿಯನ್ನು ಹಾಗೆಯೇ ಎತ್ತಿಕೊಳ್ಳಬೇಡಿ. ಉತ್ತರಕ್ಕೆ ಮುಖ ಮಾಡಿದ ಗೋಡೆ ಸದಾ ನೆರಳೆಂಬ ನಂಬಿಕೆಯೂ ಪುಣೆಯಲ್ಲಿ ಪೂರ್ತಿ ನಿಜವಲ್ಲ. ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಸರಿದಿರುತ್ತಾನೆ. ಮಳೆ ತಡವಾದ ವರ್ಷ ಆ ಗೋಡೆಯ ಜರಿಗಿಡಗಳೂ ಸುಡುತ್ತವೆ.

ಮಳೆಗಾಲದಲ್ಲಿ ತಿರುಗುಮುರುಗು

ಜೂನಿನಲ್ಲಿ ಮಳೆ ಹಿಡಿದ ಕೂಡಲೇ ಟೈಮರ್ ಬಂದ್ ಮಾಡುವುದು ಎಲ್ಲರ ರೂಢಿ. ಇಲ್ಲಿ ಮೇಲಿನ ಭಾಗಕ್ಕೆ ಅದು ಸರಿ. ಪಶ್ಚಿಮದ ಗಾಳಿಗೆ ಮುಖವೊಡ್ಡಿದ ಗೋಡೆ, ತುದಿಯ ಸಾಲು ನೇರ ನೆನೆಯುತ್ತದೆ. ಲೋಳೆಸರದಂಥವನ್ನು ಆ ಮೂರು ತಿಂಗಳು ವರಾಂಡಕ್ಕೆ ತರುವುದೇ ವಾಸಿ. ಕೆಳಗಿನ ಸಾಲುಗಳಿಗೆ ಮಾತ್ರ ಮೇಲಿನ ಕುಂಡಗಳೇ ಕೊಡೆ ಹಿಡಿಯುತ್ತವೆ. ಪುಣೆಯ ಮಳೆ ಬಹಳ ದಿನ ಬರೀ ಜಿಟಿಜಿಟಿ. ಅಂಗಳವೆಲ್ಲ ಒದ್ದೆ, ಮೂರನೆಯ ಸಾಲಿನ ಕುಂಡದಲ್ಲಿ ಬೆರಳಿಟ್ಟರೆ ಎರಡು ಇಂಚು ಒಣ. ಬೇಸಿಗೆಯ ಲೆಕ್ಕ ಅಡಿಮೇಲಾಗುವ ಈ ತಿಂಗಳುಗಳಲ್ಲಿ ಎರಡು ದಾರಿಯ ಪೈಪು ಮತ್ತೆ ಕೆಲಸಕ್ಕೆ ಬಂತು: ಮೇಲಿನದು ಬಂದ್, ಕೆಳಗಿನದು ಎರಡು ದಿನಕ್ಕೊಮ್ಮೆ 8 ನಿಮಿಷ.

ಶಂಖದ ಹುಳುಗಳು ಆಗಲೇ ಬರುತ್ತವೆ. ರಾತ್ರಿ ಒಂಬತ್ತರ ನಂತರ ಟಾರ್ಚ್ ಹಿಡಿದು ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕುವುದೇ ಮದ್ದು. ಕುಂಡದ ಮೇಲೆ ಉಪ್ಪು ಚೆಲ್ಲಬೇಡಿ. ಏಪ್ರಿಲ್–ಮೇನಲ್ಲಿ ಬಿಳಿ ಹಿಟ್ಟು ತಿಗಣೆ ಕೋಲಿಯಸ್ಸಿಗೆ ಮೊದಲು ಹತ್ತುತ್ತದೆ, ಆ ಕುಂಡವನ್ನು ವಾರಕ್ಕೊಮ್ಮೆ ನೋಡಿದರೆ ಉಳಿದವುಗಳ ಸುದ್ದಿ ತಿಳಿಯುತ್ತದೆ. ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, 2 ಮಿ.ಲೀ. ಸಾಬೂನು ದ್ರಾವಣ, ಬಿಸಿಲಿಳಿದ ಮೇಲೆ, ಎಲೆಯ ತಳಕ್ಕೆ.

ಮೊದಲ ಬೇಸಿಗೆ ದಾಟಿದಾಗ ತುದಿಯ ಸಾಲಿನಲ್ಲಿ ಎರಡು ಕುಂಡ ಸೊರಗಿದ್ದವು. ಎರಡೂ ದಕ್ಷಿಣದ ಕೊನೆಯವು, ಪೈಪಿನ ತುದಿಯವು. ಲೋಟ ಹಿಡಿದು ನೋಡಿದರೆ ಹತ್ತು ನಿಮಿಷಕ್ಕೆ 90 ಮಿ.ಲೀ.; ಡ್ರಿಪ್ಪರಿನಲ್ಲಿ ಸುಣ್ಣ. ತೊಳೆದ ಮೇಲೆ 240ಕ್ಕೆ ಬಂತು. ಪಕ್ಕದವರ ಬದಿಯ ಗೋಡೆ ಪೂರ್ತಿ ಒಣಗಿದ ಮೇಲೆ ಗುಳ್ಳೆ ಕೆರೆದು ಬಣ್ಣ ಬಳಿಸಿಕೊಟ್ಟಿದ್ದಾರೆ. ಮಿಶ್ರಣ ವರ್ಷಕ್ಕೆ ಒಂದೂವರೆ ಇಂಚಿನಷ್ಟು ಇಳಿದಿದೆ, ಅಕ್ಟೋಬರಿನಲ್ಲಿ ಎರೆಗೊಬ್ಬರ ಸುರಿದು ತುಂಬಬೇಕು. ಕಂಬದ ಬುಡದ ಬಣ್ಣವನ್ನೂ ಆಗಲೇ ನೋಡುವುದು.